ಮೈನ್ ಸ್ವಿಚ್ಚಿಗೆ ಕಟ್ಟಿದ ಹರಕೆ

ಹೊಂಗೆಪಾಳ್ಯದ ಕೆಂಚಯ್ಯ ತನ್ನ ಮನೆಯ ಮೈನ್ ಸ್ವಿಚ್ಚಿನ ಹಿಡಿಗೆ ನಾಣ್ಯವಿಟ್ಟ ಅರಿಸಿನ ಬಟ್ಟೆಯ ಗಂಟು ಕಟ್ಟಿದ ದಿನ ಹೊಸತೊಡಕು. ಎರಡು ಸಾವಿರದ ಒಂಬತ್ತನೆಯ ಇಸವಿ. ಯುಗಾದಿಯ ಮಾರನೆಯ ದಿನ ಶನಿವಾರ ಬಿದ್ದಿತ್ತೆಂದು, ಶನಿವಾರ ಮಾಂಸ ಮುಟ್ಟದ ಮನೆಗಳವರೆಲ್ಲ ಹಬ್ಬದ ಬಾಡಿನ ಸಾರನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಸೊಸೆ ಲತಾಮಣಿ ಹಸು ಕರೆದು ತಂಬಿಗೆ ಹಿಡಿದು ಒಳಗೆ ಬಂದಾಗ ಮಾವ ಮಣೆಯ ಮೇಲೆ ತುದಿಗಾಲಲ್ಲಿ ನಿಂತು ಮೀಟರ್ ಬೋರ್ಡಿಗೆ ಕುಂಕುಮ ಇಡುತ್ತಿದ್ದ.

“ಇದೇನು ಮಾವ, ಕರೆಂಟಿಗೂ ಪೂಜೆಯಾ?”

“ಕರೆಂಟಿಗಲ್ಲ ಕಣವ್ವ, ಹನುಮಂತರಾಯಂಗೆ. ಬೆಳಗ್ಗೆ ಕೆಂಗಲ್‌ಗೆ ಹೋಗಿ ಒಪ್ಪಿಸ್ಬುಟ್ಟು ಬಂದಿವ್ನಿ. ಒಂದು ಮಂಡಲ, ನಲವತ್ತೆಂಟು ದಿನ. ಸಂಜೆ ಏಳರಿಂದ ಒಂಬತ್ತರಗಂಟ ಈ ಮನೇಲಿ ಮೈನ್ ಆಫು. ಭೂಮ್ತಾಯಿ ಒಸಿ ಉಸಿರಾಡ್ಲಿ.”

ಒಲೆಯ ಮುಂದಿದ್ದ ಅತ್ತೆ ಅಂಕಮ್ಮ ಸೌಟು ಹಿಡಿದೇ ಈಚೆಗೆ ಬಂದಳು. “ಬಾಡು ಕುದೀತಾ ಐತೆ, ಇವ್ರು ಹರಕೆ ಕಟ್ತಾ ಅವ್ರೆ. ಮೂಳೆ ಯಾವ್ದು ಬೆಳ್ಳುಳ್ಳಿ ಯಾವ್ದು ಅಂತ ಕತ್ಲೇಲಿ ಎಂಗ್ ನೋಡ್ಕಂಡು ತಿನ್ನೋದು?”

“ದೀಪ ಐತಲ್ಲಮ್ಮಿ. ನಮ್ ಮದ್ವೇಲಿ ಯಾವ ಟ್ಯೂಬ್‌ಲೈಟ್ ಉರೀತಿತ್ತು?”

“ಉರೀನಿಲ್ಲ, ಅದ್ಕೇ ನಿಮ್ ಮೊಕ ಸರ್ಯಾಗಿ ಕಾಣ್ದೆ ಒಪ್ಕಂಡ್‌ಬುಟ್ಟೆ.”

ಲತಾಮಣಿ ಸೆರಗು ಬಾಯಿಗಿಟ್ಟು ನಕ್ಕಳು. ಆವತ್ತು ನಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ.

ಇದಕ್ಕೆ ಬೀಜ ಬಿದ್ದದ್ದು ಆರನೆಯ ತರಗತಿಯಲ್ಲಿದ್ದ ಅವಳ ಮಗಳು ಪ್ರತಿಮಾಳ ಶಾಲೆಯಲ್ಲಿ. ದೇಶದೇಶಗಳಲ್ಲಿ ಜನ ಆ ಶನಿವಾರ ಎಂಟೂವರೆಯಿಂದ ಒಂದು ಗಂಟೆ ಮನೆಯ ದೀಪ ಆರಿಸುತ್ತಾರೆ, ಕಲ್ಲಿದ್ದಲು ಉಳಿಯುತ್ತದೆ, ಹೊಗೆ ತಗ್ಗುತ್ತದೆ, ನೀವೂ ಆರಿಸಿ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಹುಡುಗಿ ಬಂದು ತಾತನಿಗೆ ಹೇಳಿದಳು. ತಾತ ಊರಿಗೆ ಹೇಳಿದ. ಅವನು ಗುಡಿಯ ಜಗುಲಿಯಲ್ಲಿ ಕೂತು ಕತೆ ಹೇಳತೊಡಗಿದರೆ ಉಣ್ಣುವುದಕ್ಕೆ ಕರೆಯಲು ಬಂದವರೂ ಕೂತುಬಿಡುತ್ತಿದ್ದ ಊರು ಅದು. ಶನಿವಾರ ಹನುಮಂತರಾಯನ ಗುಡಿಯ ಗಂಟೆ ಬಾರಿಸಿದೊಡನೆ ನಲವತ್ತು ಮನೆಗಳೂ ಒಟ್ಟಿಗೇ ಕತ್ತಲಾದವು. ಅಮಾವಾಸ್ಯೆ ಕಳೆದು ಎರಡೇ ದಿನವಾಗಿತ್ತು. ಜಗುಲಿಯಲ್ಲಿದ್ದವರು ತಲೆಯೆತ್ತಿ ನೋಡಿದರೆ ಆಕಾಶದ ತುಂಬ ನಕ್ಷತ್ರ. ಕೆಂಚಯ್ಯನ ಕಣ್ಣಲ್ಲಿ ನೀರು ಬಂತು. ಕಣ್ವ ಹೊಳೆ ಮಳೆಗಾಲದಲ್ಲೂ ಮರಳು ತೋರಿಸುತ್ತಿದ್ದ ಕಾಲ. ಹೆದ್ದಾರಿಯುದ್ದಕ್ಕೂ ಕಾರ್ಖಾನೆ ಎದ್ದು, ಬಂಡೆಗಳು ಜಲ್ಲಿಯಾಗಿ ಲಾರಿ ಹತ್ತುತ್ತಿದ್ದ ಕಾಲ. ಇಷ್ಟಾದರೂ ಮೇಲಿನವನು ತನ್ನ ದೀಪಗಳನ್ನು ಒಂದೂ ಆರಿಸದೆ ಇಟ್ಟಿದ್ದಾನಲ್ಲ ಎಂದು ಅವನಿಗೆ ಅನ್ನಿಸಿತು.

“ಒಂದ್ ಗಂಟೆಗೆಲ್ಲ ಯಾವ ಹರಕೆ ಫಲಿಸ್ತದೆ ಕಣ್ರಲಾ? ಮಾಡುದ್ರೆ ಮಂಡಲ ಮಾಡ್ಬೇಕು” ಎಂದ.

ಊರು ಒಪ್ಪಿತು. ಒಪ್ಪದೆ ಏನು? ಸಂಜೆ ಆರೂವರೆಯಿಂದ ಎಂಟೂವರೆಗೆ ಹೇಗೂ ಕರೆಂಟು ತೆಗೆಯುತ್ತಿದ್ದರು. ಇಲ್ಲದ ಕರೆಂಟನ್ನು ಬಿಟ್ಟುಕೊಡಲು ಯಾರಿಗೂ ಕಷ್ಟವಿರಲಿಲ್ಲ. ಉಳಿದವರು ಮಾತಿನಲ್ಲಿ ಒಪ್ಪಿಕೊಂಡರು. ಕೆಂಚಯ್ಯ ಒಬ್ಬ ಗಂಟು ಕಟ್ಟಿದ. ಗಂಟು ಕಟ್ಟಿದ ಹರಕೆಗೆ ಅದರದೇ ನೇಮ ಉಂಟು. ನಡುವೆ ಒಂದು ದಿನ ತಪ್ಪಿದರೂ ಮೊದಲನೆಯ ದಿನದಿಂದ ಎಣಿಸಬೇಕು, ತಪ್ಪಿದವರು ಮನೆಯಲ್ಲಿ ಯಾರೇ ಆಗಿರಲಿ.

*

ಲತಾಮಣಿಯ ಮರ ಕಡೆಯುವ ಲೇತು ಪಡಸಾಲೆಯ ಮೂಲೆಯಲ್ಲಿತ್ತು. ತವರು ಉಯ್ಯಂಬಳ್ಳಿಯಿಂದ ಈ ಮನೆಗೆ ಬಂದು ಹದಿಮೂರು ವರ್ಷದಲ್ಲಿ ಅವಳ ಹಿಂದೆ ಬಂದ ವಸ್ತು ಅದೊಂದೇ. ಮಿಕ್ಕದ್ದೆಲ್ಲ, ಪಾತ್ರೆ, ಹಸು, ರೇಷ್ಮೆ ಸೊಪ್ಪಿನ ತೋಟ, ಹುಳ ಗೂಡು ಕಟ್ಟುವ ಚಂದ್ರಿಕೆ, ಅವಳು ಬರುವ ಮೊದಲೇ ಇದ್ದದ್ದು. ಎರಡು ವರ್ಷದ ಕೆಳಗೆ, ಅತ್ತೆಯ ಬಾಯಿಗೂ ಊರಿನ ಬಾಯಿಗೂ ಬಿದ್ದು, ಚನ್ನಪಟ್ಟಣದ ತರಬೇತಿ ಕೇಂದ್ರಕ್ಕೆ ಆರು ತಿಂಗಳು ಬಸ್ಸಿನಲ್ಲಿ ಓಡಾಡಿ ಗೊಂಬೆ ಕಡೆಯುವುದನ್ನು ಕಲಿತಳು. ಹಾಲೆಮರದ ತುಂಡು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು, ಅರಗಿನ ಬಣ್ಣ ಒತ್ತಿ, ತಾಳೆಗರಿಯಲ್ಲಿ ಹೊಳಪು ಕೊಟ್ಟರೆ ಮಕ್ಕಳ ಗಿಲಕಿ. ಕೇಂದ್ರದವರು ಮೋಟಾರಿನ ಲೇತನ್ನು ಮನೆಗೇ ಕೊಟ್ಟಿದ್ದರು. ಕಾಗದದಲ್ಲಿ ಒಂದು ಷರತ್ತಿತ್ತು: ತಿಂಗಳಿಗೆ ಮುನ್ನೂರು ಗಿಲಕಿ, ಎರಡು ತಿಂಗಳು ಒಟ್ಟಿಗೆ ತಪ್ಪಿದರೆ ಲೇತು ಪಟ್ಟಿಯಲ್ಲಿ ಮುಂದಿನವಳ ಮನೆಗೆ.

ಇಷ್ಟು ದಿನ ಅವಳು ಹಗಲು ಹನ್ನೊಂದರಿಂದ ಮೂರರವರೆಗೆ ಕಡೆಯುತ್ತಿದ್ದಳು. ಹರಕೆ ಕಟ್ಟಿದ ಎಂಟನೆಯ ದಿನ ಕರೆಂಟಿನ ಹೊತ್ತು ಬದಲಾಯಿತು. ಹಗಲಿಡೀ ಇಲ್ಲ, ಸಂಜೆ ಆರೂವರೆಗೆ ಬಂದರೆ ಒಂಬತ್ತೂವರೆಗೆ ಹೋಗುತ್ತದೆ. ಆಮೇಲೆ ಎಲ್ಲರೂ ಮಲಗಿದ ಹೊತ್ತಿಗೆ ಬರುವ ಕರೆಂಟಿಗೆ ಊರಿನ ಪಂಪ್‌ಸೆಟ್ಟುಗಳೆಲ್ಲ ಬಾಯಿ ಹಾಕುತ್ತಿದ್ದವು. ಲೇತಿನ ಮೋಟಾರು ಗುಂಯ್‌ಗುಟ್ಟಿ ನಿಂತುಬಿಡುತ್ತಿತ್ತು.

ಅವಳು ಎರಡು ದಿನ ತಡೆದು, ಮೂರನೆಯ ದಿನ ಮಾವ ಉಣ್ಣುವಾಗ ಕೇಳಿದಳು. ಉಪ್ಸಾರು, ನುಗ್ಗೆಸೊಪ್ಪಿನ ಪಲ್ಯ, ನಡುವೆ ಎಣ್ಣೆ ದೀಪ.

“ಮಾವ, ಸಂಜೆ ಒತ್ತು ನಂಗೊಂದು ಪ್ಲಗ್ಗು ಬುಡಿ. ಲೈಟ್ ಹಾಕಕ್ಕಿಲ್ಲ, ದೀಪದಾಗೇ ಮಾಡ್ಕತೀನಿ. ಮಿಷನ್ ಒಂದು ತಿರುಗ್ಲಿ.”

ಕೆಂಚಯ್ಯ ಮುದ್ದೆ ಮುರಿದ ಕೈ ಹಾಗೇ ಹಿಡಿದ. “ಹರಕೆ ಮೈನಿಗೆ ಕಟ್ಟಿರೋದು ಕಣವ್ವ, ಪ್ಲಗ್ಗಿಗಲ್ಲ.”

“ಈ ತಿಂಗ್ಳು ಮುನ್ನೂರು ಆಗಕ್ಕಿಲ್ಲ ಅಂಗಾದ್ರೆ.”

“ಒಂದ್ ತಿಂಗ್ಳು ತಪ್ಪುದ್ರೆ ತಕಂಡೋಗಾಕಿಲ್ಲ ಅಂತ ನೀನೇ ಹೇಳಿದ್ಯಲ್ಲ. ಮೇ ಹದಿನೈದಕ್ಕೆ ಮಂಡಲ ಮುಗೀತದೆ. ಆಮೇಲೆ ನಿನ್ ಮಿಷನ್ ಹಗಲೂ ರಾತ್ರಿ ತಿರುಗ್ಲಿ, ಯಾರ್ ಬ್ಯಾಡಂತಾರೆ?”

ಲೆಕ್ಕ ಸರಿಯಾಗಿಯೇ ಇತ್ತು. ಮೇ ತಿಂಗಳಲ್ಲಿ ಅರ್ಧ ಉಳಿಯುತ್ತದೆ. ಸಂಜೆಯ ಮೂರು ಗಂಟೆ ಪೂರ್ತಿ ಕೂತರೆ ಮುನ್ನೂರು ಮುಟ್ಟಬಹುದು. ಲತಾಮಣಿ ಮಾವನ ತಟ್ಟೆಗೆ ಸಾರು ಬಿಟ್ಟಳು. ಅಡಿಗೆಮನೆಯ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನಲ್ಲಿ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯತೊಡಗಿದಳು.

*

ಹತ್ತೊಂಬತ್ತನೆಯ ಗೆರೆ ಎಳೆಯಬೇಕಾದ ಸಂಜೆ ಅವಳ ಗಂಡ ಬಾಲರಾಜು ಕೆಲಸ ಮುಗಿಸಿ ಬಿಡದಿಯಿಂದ ಬಂದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಪಾಳಿಯ ಕೆಲಸ. ಮೊಬೈಲು ಸತ್ತು ಬಿದ್ದಿತ್ತು. ನಾಳೆ ಯಾವ ಪಾಳಿ ಎಂದು ಮೇಸ್ತ್ರಿ ಫೋನು ಮಾಡುವವನಿದ್ದ. ಅಪ್ಪ ಗುಡಿಯಲ್ಲಿದ್ದ, ಅಮ್ಮ ದನದ ಹಟ್ಟಿಯಲ್ಲಿ. ಹತ್ತು ನಿಮಿಷ ಹಾಕಿದರೆ ಯಾರಿಗೆ ಗೊತ್ತಾಗುತ್ತದೆಂದು ಮಣೆ ಹತ್ತಿ ಮೈನ್ ಎತ್ತಿದ. ಪಡಸಾಲೆಯ ಬಲ್ಬಿನ ಸ್ವಿಚ್ಚು ಆನ್ ಆಗಿಯೇ ಉಳಿದಿತ್ತು. ಬಲ್ಬು ಭಗ್ಗೆಂದು ಹತ್ತಿ, ತೆರೆದ ಬಾಗಿಲಿನಿಂದ ಬೆಳಕು ಬೀದಿಯ ಆಚೆಯ ಗೋಡೆಗೆ ಹೋಗಿ ಬಡಿಯಿತು.

“ಬಂತಪ್ಪೋ ಬಂತು! ಕೆಂಚಯ್ಯಣ್ಣನ ಮನೇಲೇ ಸೂರ್ಯ ಹುಟ್ಬುಟ್ಟ!” ಎದುರು ಮನೆಯ ಮರಿಯಪ್ಪನ ಕೂಗು ಗುಡಿಯ ತನಕ ಕೇಳಿಸಿತು.

ಕೆಂಚಯ್ಯ ಬರುವಷ್ಟರಲ್ಲಿ ಬಾಲರಾಜು ಮೈನ್ ಇಳಿಸಿ, ಚಾರ್ಜರು ಕೈಯಲ್ಲಿ ಸುತ್ತಿಕೊಂಡು ನಿಂತಿದ್ದ.

“ಯಾಕ್ಲಾ?”

“ಮೊಬೈಲ್‌ಗೆ ಕಣಪ್ಪ. ಎರಡ್ ನಿಮಿಷ.”

“ದೇವ್ರಿಗೆ ನಿಮಿಷದ ಲೆಕ್ಕ ಹೇಳ್ತೀಯಾ?”

“ನೋಡಪ್ಪ, ನಮ್ ಫ್ಯಾಕ್ಟ್ರಿ ಕಾಂಪೌಂಡ್ ಲೈಟು ಒಂದಿನ ಉರಿಯೋ ಕರೆಂಟ್ನಲ್ಲಿ ನಿನ್ನೂರು ವರ್ಸಾನುಗಟ್ಲೆ ಉರೀತದೆ. ಅವ್ರಿಗೆ ಹೋಗಿ ಗಂಟು ಕಟ್ಟು. ನನ್ ಮೊಬೈಲ್ನಿಂದ ಭೂಮ್ತಾಯಿ ಸಾಯಕ್ಕಿಲ್ಲ.”

“ಅವ್ರ ಮೈನು ನನ್ ಕೈಗೆ ಸಿಕ್ಕಕಿಲ್ಲ ಕಣ್ಲಾ” ಎಂದ ಕೆಂಚಯ್ಯ. ದನಿ ಏರಲಿಲ್ಲ. “ನನ್ ಕೈಗೆ ಸಿಕ್ಕೋದು ಇದೊಂದೇ.”

ಮುದುಕ ಗಂಟು ಬಿಚ್ಚಿ, ಒಳಗಿನ ನಾಣ್ಯ ತೊಳೆದು, ಮತ್ತೆ ಕಟ್ಟಿದ. “ನಾಳೆ ಮೊದಲನೇ ದಿನ” ಎಂದ.

ಲತಾಮಣಿ ಒಳಗೆ ಹೋಗಿ ಕ್ಯಾಲೆಂಡರಿನ ಹಾಳೆ ತಿರುವಿ ಎಣಿಸಿದಳು. ಮೇ ಹದಿನೈದು ಹೋಗಿ ಜೂನ್ ಮೂರು ಬಂತು. ಮೇ ತಿಂಗಳು ಒಂದು ದಿನವೂ ಅವಳಿಗೆ ಉಳಿಯಲಿಲ್ಲ. ಬಾಲರಾಜು ಹಿಂದೆಯೇ ಬಂದು ನಿಂತ.

“ತಪ್ಪಾಯ್ತು ಕಣೆ.”

“ನಿಮ್ ಮೊಬೈಲು ಎರಡು ಕಡ್ಡಿ ತೋರುಸ್ತು. ನನ್ ಮಿಷನ್ ಹೋಯ್ತು.”

“ಅಪ್ಪಂಗೆ ಹೇಳ್ತೀನಿ ಬುಡು.”

“ಹೇಳುದ್ರಲ್ಲ ಈಗ. ಕೇಳುಸ್ಕಂಡೆ.”

*

ಮೇ ಹದಿನೈದಕ್ಕೆ ಊರಿನ ಮಂಡಲ ಮುಗಿಯಿತು. ಊರಿನವರು ಗಂಟು ಕಟ್ಟಿರಲಿಲ್ಲವಾದ್ದರಿಂದ ಅವರ ಎಣಿಕೆ ತಪ್ಪಿರಲಿಲ್ಲ. ಗುಡಿಯಲ್ಲಿ ಪಾನಕ, ಕೋಸಂಬರಿ ಹಂಚಿದರು. ಕೆಂಚಯ್ಯನೇ ಮುಂದೆ ನಿಂತು ಹಂಚಿದ. ಮಾರನೆಯ ಸಂಜೆ ಏಳಕ್ಕೆ ಊರಿನ ಮೂವತ್ತೊಂಬತ್ತು ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಟೀವಿ ಮಾತಾಡುತ್ತಿತ್ತು. ನಡುವೆ ಒಂದು ಮನೆ ಮಾತ್ರ ಬಿದ್ದ ಹಲ್ಲಿನ ಜಾಗದ ಹಾಗೆ ಕಪ್ಪಗಿತ್ತು.

“ಕೆಂಚಯ್ಯಣ್ಣ, ಬಿಲ್ ಕಟ್ದೆ ಫ್ಯೂಸ್ ಕಿತ್ಕಂಡೋದ್ರಾ?” ಎಂದು ಮರಿಯಪ್ಪ ದಿನಕ್ಕೊಂದು ಸಲ ಕೇಳುತ್ತಿದ್ದ. ಪ್ರತಿಮಾ ಅವನ ಮನೆಯ ಜಗುಲಿಗೆ ಪುಸ್ತಕ ಹಿಡಿದು ಹೋದರೆ ಅಂಕಮ್ಮ ಕರೆದು ತರುತ್ತಿದ್ದಳು. “ಅವ್ರ ಮನೆ ಬೆಳಕ್ನಾಗೆ ಓದಿ ನಮ್ ಮಾನ ಕಳೀಬ್ಯಾಡ.” ಹಾಗೆಂದ ಅಂಕಮ್ಮನೇ ಧಾರಾವಾಹಿಯ ಹೊತ್ತಿಗೆ ಹಿತ್ತಿಲ ಬೇಲಿಯ ಹತ್ತಿರ ಹೋಗಿ, ಪಕ್ಕದ ಮನೆಯ ಟೀವಿಯ ಮಾತು ಕೇಳಿಸಿಕೊಂಡು ನಿಲ್ಲುತ್ತಿದ್ದಳು.

ಆ ವಾರ ಕೇಂದ್ರದಿಂದ ಕಾಗದ ಬಂತು. ಏಪ್ರಿಲ್ ತಿಂಗಳಿಗೆ ನೂರಾ ಹತ್ತೇ ಗಿಲಕಿ ಬಂದಿವೆ. ಮೇ ಕೊನೆಗೆ ಮೇಲ್ವಿಚಾರಕರು ಮನೆಗೇ ಬಂದು ನೋಡುತ್ತಾರೆ. ಲತಾಮಣಿ ಕಾಗದವನ್ನು ಮಾವನ ಕೈಗೆ ಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟ. ಅಷ್ಟೇ.

ಮಾರನೆಯ ಬೆಳಗ್ಗೆ ಅವಳು ಹಾಲು ಡೇರಿಗೆ ಹಾಕಿ, ಹುಳಕ್ಕೆ ಸೊಪ್ಪು ಕೊಟ್ಟು, ಹನ್ನೊಂದರ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋದಳು. ಅರಗು ಒತ್ತುವುದನ್ನು ಅವಳಿಗೆ ಕೈಹಿಡಿದು ಕಲಿಸಿದ್ದ ಅಕ್ಬರಿ ಬೇಗಂ ಪೇಟೆಯ ಹಿಂದಿನ ಓಣಿಯಲ್ಲಿದ್ದಳು, ಎಪ್ಪತ್ತರ ಮುದುಕಿ. ಕರೆಂಟು ಇಲ್ಲದ ಕಾಲದಲ್ಲಿ ಹೇಗೆ ಕಡೆಯುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಅವಳು ಅಟ್ಟ ತೋರಿಸಿದಳು.

ಅಟ್ಟದ ಮೇಲೆ ಸತ್ತುಹೋದ ಅವಳ ಗಂಡನ ಹಗ್ಗದ ಲೇತಿತ್ತು. ಎರಡು ಗಿಡ್ಡ ಮರದ ಕಂಬ, ನಡುವೆ ಮೊಳೆಯ ಮೊನೆಗಳ ಮೇಲೆ ತಿರುಗುವ ಉರುಳೆ, ಉರುಳೆಗೆ ಎರಡು ಸುತ್ತು ಹಗ್ಗ. ಒಬ್ಬರು ಹಗ್ಗದ ಎರಡೂ ತುದಿ ಹಿಡಿದು ಬಿಡದೆ ಆಚೆ ಈಚೆ ಎಳೆಯಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು.

“ತಗೊಂಡ್ ಹೋಗು ಬೇಟಿ. ಇಲ್ಲಿ ಇಲಿಗೆ ಮನೆ ಆಗಿದೆ” ಎಂದಳು ಮುದುಕಿ. “ಎಳೆಯೋಕೆ ಯಾರಿದಾರೆ ಮನೇಲಿ?”

ಲತಾಮಣಿ ಸೆರಗಿನಿಂದ ಉರುಳೆಯ ಧೂಳು ಒರೆಸಿದಳು.

“ನಮ್ಮನೇಲಿ ನಾನಿದ್ದೆ. ನಲವತ್ತು ವರ್ಷ ಎಳ್ದೆ. ಬಸುರಿ ಇದ್ದಾಗ್ಲೂ ಎಳ್ದೆ, ಹಬ್ಬದ ಹಿಂದಿನ ದಿನಾನೂ ಎಳ್ದೆ. ಎಲ್ರೂ ಅವ್ರ ಕೈ ನೋಡಿ ವಾಹ್ ವಾಹ್ ಅಂದ್ರು. ಹಗ್ಗದ ಕಡೆ ಯಾರು ನೋಡ್ತಾರೆ?” ಬಲಗೈ ಎತ್ತಿ ತೋರಿಸಲು ಹೋದಳು; ಕೈ ಕಿವಿಯ ತನಕವೂ ಏಳಲಿಲ್ಲ. “ನೋಡು, ಇಷ್ಟೇ ಬರೋದು.”

*

ಆ ಸಂಜೆ ಏಳಕ್ಕೆ ಕೆಂಚಯ್ಯ ಮೈನ್ ಇಳಿಸಿ ಜಗುಲಿಗೆ ಬಂದಾಗ ಸೊಸೆ ಹಗ್ಗದ ಲೇತನ್ನು ಅಲ್ಲಿ ನೆಟ್ಟು, ದೀಪ ಹಚ್ಚಿ, ಉಳಿ ಮಸೆಯುತ್ತಿದ್ದಳು. ಪಕ್ಕದಲ್ಲಿ ಅರಗು ಮೆತ್ತಗಾಗಲೆಂದು ಒಂದು ಮಡಕೆಚೂರಿನಲ್ಲಿ ಕೆಂಡ.

“ಇದೆಲ್ಲಿ ಸಿಕ್ತವ್ವ?”

“ಸಿಕ್ತು ಮಾವ. ಕರೆಂಟ್ ಬ್ಯಾಡ ಇದ್ಕೆ. ಎಳೆಯೋರ್ ಬೇಕು.”

ಬಾಲರಾಜು ಎರಡನೆಯ ಪಾಳಿಗೆ ಹೋಗಿದ್ದ. ಅಂಕಮ್ಮನಿಗೆ ಮಂಡಿನೋವು. ಪ್ರತಿಮಾ ಹಗ್ಗ ಹಿಡಿದು ನಾಲ್ಕು ಸಲ ಎಳೆದು, “ಅಮ್ಮಾ, ಕೈ ಉರೀತದೆ” ಎಂದು ಬಿಟ್ಟಿದ್ದಳು. ಕೆಂಚಯ್ಯ ಸುತ್ತ ನೋಡಿದ. ಎರಡು ಗಂಟೆ ಸುಮ್ಮನೆ ಕೂತು ರಾಮನಾಮ ಹೇಳುವವನು ಆ ಮನೆಯಲ್ಲಿ ಅವನೊಬ್ಬನೇ. ಪಂಚೆ ಎತ್ತಿ ಕಟ್ಟಿ ಕೂತ.

“ಎಂಗೆ ಎಳೀಬೇಕು ತೋರ್ಸು.”

ಮೊದಲ ದಿನ ಏಳು ಗಿಲಕಿಯಾದವು. ಎಳೆತಕ್ಕೊಂದು ರಾಮನಾಮ ಹೇಳಿಕೊಂಡರೆ ತಾಳ ತಪ್ಪುವುದಿಲ್ಲವೆಂದು ಎರಡನೆಯ ದಿನ ಅವನಿಗೆ ತಿಳಿಯಿತು, ಹನ್ನೊಂದಾದವು. ನಾಲ್ಕನೆಯ ದಿನದಿಂದ ಬೆಳಗಿನ ಜಾವವೂ ಕೂತರು, ಹುಳಕ್ಕೆ ಸೊಪ್ಪು ಹಾಕಿದ ಮೇಲೆ ಮಧ್ಯಾಹ್ನವೂ ಕೂತರು. ಮಾವ ಸೊಸೆ ಒಂದೇ ಹಗ್ಗದ ಎರಡು ಕಡೆ ಕೂತು ಹೀಗೆ ಹೊತ್ತು ಕಳೆದದ್ದು ಹದಿಮೂರು ವರ್ಷದಲ್ಲಿ ಇರಲಿಲ್ಲ. ಅವನು ಕತೆ ಹೇಳುತ್ತಿದ್ದ. ಅವಳು ಮರದ ಸಿಪ್ಪೆ ಊದುತ್ತ ಹೂಂಗುಟ್ಟುತ್ತಿದ್ದಳು.

“ನಿಧಾನ ಮಾವ, ಉಳಿ ಕಚ್ತದೆ.”

“ಲಂಕೆಗೆ ಹಾರೋ ಜಾಗ್ದಲ್ಲಿ ನಿಧಾನ ಅಂದ್ರೆ ಎಂಗವ್ವ?”

“ಲಂಕೆಗೆ ಆಮೇಲೆ ಹಾರುವ್ರಂತೆ. ಇದೊಂದ್ ಕತ್ತು ತಿರುಗುಸ್ಕಳಿ.”

ಅಂಕಮ್ಮ ಬಾಗಿಲಿಗೊರಗಿ ನೋಡುತ್ತಿದ್ದಳು. “ಅರವತ್ತೆಂಟು ವರ್ಸಕ್ಕೆ ನನ್ ಗಂಡ ಕೆಲ್ಸಕ್ ಸೇರ್ಕಂಡ. ಸಂಬಳ ಏನ್ ಕೊಡ್ತೀಯಮ್ಮಿ?”

“ಮುದ್ದೆ ನೀವೇ ಇಕ್ತೀರಲ್ಲ ಅತ್ತೆ.”

ಮಲಗುವ ಮುಂಚೆ ಅಂಕಮ್ಮ ಹರಳೆಣ್ಣೆ ಬಿಸಿ ಮಾಡಿ ಗಂಡನ ಭುಜ ತಿಕ್ಕುತ್ತಿದ್ದಳು. ಬಲಭುಜ ಊದಿತ್ತು. ಅವನು ಅಯ್ಯಪ್ಪಾ ಎಂದರೆ, “ಭೂಮ್ತಾಯಿ ಉಸಿರಾಡ್ತಾ ಅವ್ಳೆ, ನೀವ್ ಉಸಿರ್ ಬುಡ್ಬ್ಯಾಡಿ” ಎನ್ನುತ್ತಿದ್ದಳು. ಗೋಡೆಯ ಆಚೆಯಿಂದ ಲತಾಮಣಿಗೆ ಎಲ್ಲವೂ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದು ಮತ್ತೆ ಹಗ್ಗ ಅವನ ಮುಂದೆ ಇಡುತ್ತಿದ್ದಳು. ಇಡದೆ ಇದ್ದರೆ ಲೇತು ಹೋಗುತ್ತಿತ್ತು.

ಮೇ ಮೂವತ್ತರ ಮಧ್ಯಾಹ್ನ ಮುನ್ನೂರನೆಯ ಗಿಲಕಿಗೆ ಹೊಳಪು ಕೊಟ್ಟು ಬುಟ್ಟಿಗೆ ಹಾಕಿ ಅವಳು ಕೈಕಾಲು ಚಾಚಿ ಜಗುಲಿಯ ಮೇಲೇ ಮಲಗಿಬಿಟ್ಟಳು. ಯಾರೂ ಎಬ್ಬಿಸಲಿಲ್ಲ. ಅಂಕಮ್ಮನೇ ಒಲೆ ಹಚ್ಚಿದಳು.

*

ಆ ಸಂಜೆಯೇ ಏಳೂಕಾಲಿಗೆ ಕೇಂದ್ರದ ಮೇಲ್ವಿಚಾರಕ ರಾಮಲಿಂಗಯ್ಯ ಬಂದರು. ಹಿಂದೆ ಒಂದು ಟೆಂಪೋ. ಬೀದಿಯ ಜನ ಟೆಂಪೋದ ಸುತ್ತ ಸೇರಿದರು. ದೀಪದ ಬೆಳಕಿನಲ್ಲಿ ಕೆಂಚಯ್ಯ ಹಗ್ಗ ಎಳೆಯುತ್ತಿದ್ದ. ಲತಾಮಣಿ ಜೂನ್ ತಿಂಗಳ ಮೊದಲ ಗಿಲಕಿಗೆ ಕೈ ಹಾಕಿದ್ದಳು.

“ಏಪ್ರಿಲ್‌ನಲ್ಲಿ ಕಡಿಮೆ ಕೊಟ್ಟಿದ್ರಿ. ಮೇ ಕೂಡ ಹಾಗೇ ಆಗಿದ್ರೆ ಇವತ್ತೇ ತಗೊಂಡ್ ಹೋಗೋಣ ಅಂತ ಗಾಡಿ ತಂದೆ” ಎಂದರು ರಾಮಲಿಂಗಯ್ಯ.

“ಮುನ್ನೂರು ಅವೆ ಸಾರ್. ಎಣಿಸ್ಕಳಿ.”

ಅವರು ಎಣಿಸಲಿಲ್ಲ. ಹಗ್ಗದ ಲೇತಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಉರುಳೆ ತಿರುಗಿಸಿ ನೋಡಿ, ಬುಟ್ಟಿಯಿಂದ ಒಂದು ಗಿಲಕಿ ತೆಗೆದು ಅಲ್ಲಾಡಿಸಿದರು. “ಇವೆಲ್ಲ ಇದ್ರಲ್ಲೇ ಮಾಡಿದ್ದಾ? ಕರೆಂಟೇ ಇಲ್ದೆ?”

“ಒಂದ್ ಯೂನಿಟ್ಟೂ ಇಲ್ಲ ಸ್ವಾಮಿ” ಎಂದ ಕೆಂಚಯ್ಯ, ಬೆವರು ಒರೆಸಿಕೊಂಡು. ನಕ್ಷತ್ರದ ರಾತ್ರಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವನು ಹೇಳಿದ್ದಲ್ಲವೇ, ಬೀದಿಯೂ ಉಸಿರು ಹಿಡಿದು ಕೇಳಿತು. ರಾಮಲಿಂಗಯ್ಯ ಕೈಮುಗಿದರು.

“ಇಂಥ ಮನೆ ನೋಡಿಲ್ಲ ನಾನು. ಪರಿಸರ ಉಳಿಸೋ ಗೊಂಬೆ ಅಂತ ಬೇರೆ ಚೀಟಿ ಅಂಟಿಸಿ ಕಳಿಸ್ತೀನಿ, ಹೊರದೇಶದೋರು ಹ್ಞೂಂ ಅಂತ ತಗೊಳ್ತಾರೆ.” ಒಳಗೆ ಇಣುಕಿ, ಪಡಸಾಲೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತ ಮೋಟಾರಿನ ಲೇತು ನೋಡಿದರು. “ಹಾಗಾದ್ರೆ ಅದು ಸುಮ್ನೆ ನಿಂತಿದ್ಯಲ್ಲಮ್ಮ? ಪಟ್ಟಿಯಲ್ಲಿ ಹನ್ನೊಂದು ಹೆಣ್ಮಕ್ಕಳು ಕಾಯ್ತಾ ಇದಾರೆ.”

ಲತಾಮಣಿ ಎದ್ದು ನಿಂತಳು. “ಅದು ಹರಕೆ ಮುಗಿಯೋಗಂಟ ಅಷ್ಟೇ ಸಾರ್, ಇನ್ನು ನಾಲ್ಕು ದಿನ—”

“ತಕಂಡೋಗಿ ಸ್ವಾಮಿ” ಎಂದ ಕೆಂಚಯ್ಯ. ಮುಖ ದೀಪದ ಹಾಗೆ ಬೆಳಗುತ್ತಿತ್ತು. “ಕಾಯ್ತಾ ಇರೋ ಹೆಣ್ಮಕ್ಳಿಗೆ ಕೊಡಿ. ನಮ್ಮನೇಲಿ ಕೈ ಐತೆ, ಹಗ್ಗ ಐತೆ. ನಮಗ್ಯಾಕೆ ಮೋಟ್ರು?”

ಜನ ಚಪ್ಪಾಳೆ ತಟ್ಟಿದರು. ದಿನವೂ ಹಂಗಿಸುತ್ತಿದ್ದ ಮರಿಯಪ್ಪನೂ ತಟ್ಟಿದ. ಅಷ್ಟು ಜನರ ಎದುರಿಗೆ ಮಾವನ ಮಾತಿಗೆ ಇಲ್ಲವೆನ್ನುವ ಸೊಸೆ ಆ ಬೀದಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ರಾಮಲಿಂಗಯ್ಯ ಕಾಗದ ಚಾಚಿದರು. “ತಿಂಗಳಿಗೆ ಮುನ್ನೂರು, ಮೊದಲಿನ ಹಾಗೇ. ಆಗುತ್ತೆ ಅಂತ ತೋರಿಸಿದೀರಲ್ಲ. ತಪ್ಪಿದ್ರೆ ಮಾತ್ರ ಹೆಸರು ತೆಗೀಬೇಕಾಗುತ್ತೆ.” ಎಲ್ಲಿ ಸಹಿ ಹಾಕಬೇಕೆಂದು ಅವರೇ ಬೆರಳಿಟ್ಟು ತೋರಿಸಿದರು. ಲತಾಮಣಿ ಹಾಕಿದಳು. ನಾಲ್ಕು ಜನ ಲೇತನ್ನು ಎತ್ತಿ ಹೊಸಿಲು ದಾಟಿಸುವಾಗ ಅವಳು ಬಾಗಿಲ ಚೌಕಟ್ಟಿಗೆ ತಗಲದಿರಲೆಂದು ಕೈ ಅಡ್ಡ ಹಿಡಿದಳು.

ಎಲ್ಲರೂ ಊಟಕ್ಕೆ ಕೂತರು. ಪಾಳಿ ಬದಲಾಗಿ ಬಾಲರಾಜು ಆವತ್ತು ಊರಲ್ಲೇ ಇದ್ದ. ಟೆಂಪೋ ಹೋದ ಮೇಲೆ ಹೊಲದಿಂದ ಬಂದಿದ್ದ.

“ಅಪ್ಪ, ಅದು ಅವಳ್ದು” ಎಂದ.

“ನಾನೇನ್ ತಪ್ ಹೇಳ್ದೆ? ಒಳ್ಳೇದ್ಕೇ ತಾನೆ ಹೇಳಿದ್ದು?”

“ಒಂದ್ ಮಾತು ಕೇಳ್ಬೇಕಾಗಿತ್ತು.”

“ನಿನ್ನೆ ಮೊನ್ನೆಗಂಟ ನಗ್‌ನಗ್ತಾ ಕುಂತಿದ್ಲಲ್ಲಪ್ಪ ನನ್ ಎದುರ್ಗೆ!”

ಅಂಕಮ್ಮ ಗಂಡನ ತಟ್ಟೆಗೆ ಮುದ್ದೆ ಇಟ್ಟಳು. “ನಗ್ತಾ ಇದ್ದಿದ್ದು ಮುನ್ನೂರು ಮುಟ್ಲಿ ಅಂತ. ಸೊಸೆ ಆಸ್ತಿ ದಾನ ಕೊಟ್ಟು ಪುಣ್ಯ ನೀವ್ ತಕಂಡ್ರಿ. ಉಣ್ಣಿ.”

ಕೆಂಚಯ್ಯ ಸೊಸೆಯ ಕಡೆ ನೋಡಿದ. ಅವಳು ಅವನಿಗೆ ತುಪ್ಪ ಬಡಿಸಿ, ತಂಬಿಗೆಗೆ ನೀರು ತುಂಬಲು ಹೋದಳು.

*

ಜೂನ್ ಮೂರಕ್ಕೆ ಹರಕೆ ತೀರಿತು. ಮಾರನೆಯ ಬೆಳಗ್ಗೆ ಗಂಡಸರು ಕೆಂಗಲ್‌ಗೆ ಹೋಗಿ ಗಂಟು ಒಪ್ಪಿಸಿ, ತಲೆ ಬೋಳಿಸಿಕೊಂಡು ಬಂದರು. ಮನೆಯಲ್ಲಿ ಪಾಯಸವಾಯಿತು. ಆ ಸಂಜೆ ಏಳಕ್ಕೆ ಊರಿನ ಎಲ್ಲ ಮನೆಗಳ ಜೊತೆ ಕೆಂಚಯ್ಯನ ಮನೆಯಲ್ಲೂ ಟ್ಯೂಬ್‌ಲೈಟು ಉರಿಯಿತು. ಅಂಕಮ್ಮ ಟೀವಿಯ ಮುಂದೆ ಕಡಲೆಕಾಯಿ ಸುಲಿಯುತ್ತ ಕೂತಳು. ಪ್ರತಿಮಾ ಬೆಳಕಿನ ಕೆಳಗೇ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಕೆಂಚಯ್ಯ ಹರಳೆಣ್ಣೆ ಬಳಿದ ಭುಜವನ್ನು ಗೋಡೆಗೆ ಒರಗಿಸಿ, ಕಾಲು ಚಾಚಿ, ವಾರ್ತೆ ಬರಲೆಂದು ಕಾಯುತ್ತಿದ್ದ.

ಲತಾಮಣಿ ಬಾಗಿಲಲ್ಲಿ ಬಂದು ನಿಂತಳು. ಸೀರೆ ಎತ್ತಿ ಕಟ್ಟಿದ್ದಳು, ಕೈಯಲ್ಲಿ ಉಳಿ.

“ಮಾವ, ಬನ್ನಿ.”

“ಎಲ್ಲಿಗವ್ವ?”

“ಹಗ್ಗಕ್ಕೆ.”

ಅವನು ಅವಳನ್ನೇ ನೋಡಿದ. “ಹರಕೆ ಮುಗೀತಲ್ಲ ಮಗ.”

“ನಿಮ್ದು ಮುಗೀತು.”

ಅಂಕಮ್ಮ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಗಂಡನ ಭುಜ ನೋಡಿದಳು, ಸೊಸೆಯ ಕೈ ನೋಡಿದಳು. ಕೆಂಚಯ್ಯ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಊರಲಾರದೆ, ಎರಡು ಸಲ ಪ್ರಯತ್ನಿಸಿ ಎದ್ದ. ಜಗುಲಿಯ ಮೇಲೆ ತನ್ನ ಜಾಗದಲ್ಲಿ ಕೂತು ಹಗ್ಗದ ಎರಡೂ ತುದಿಗಳನ್ನು ಕೈಗೆ ಸುತ್ತಿಕೊಂಡ. ಅವಳು ಎದುರಿಗೆ ಕೂತು ಹಾಲೆಮರದ ತುಂಡನ್ನು ಮೊನೆಗಳ ನಡುವೆ ಸಿಕ್ಕಿಸಿ, ಬೆಣೆ ಬಡಿದು ಬಿಗಿ ಮಾಡಿದಳು.

“ಎಷ್ಟು ದಿನ ಕಣವ್ವ ಇದು?” ಎಂದ ಮೆಲ್ಲಗೆ.

ಲತಾಮಣಿ ತಲೆ ಎತ್ತಲಿಲ್ಲ. ಉಳಿಯ ಬಾಯಿಯನ್ನು ಮರಕ್ಕೆ ಹಿಡಿದಳು.

“ಎಳೀರಿ ಮಾವ” ಎಂದಳು.